ಗ್ಲೌಸಕ್ಕನ ಚೀಲ

ನನ್ನ ಹೆಂಡತಿಯ ಹತ್ತಿರ ಗ್ಲೌಸ್ ಕೊಳ್ಳಬೇಕಾದರೆ ಮೊದಲು ಬರಿಗೈಯನ್ನು ಒಂದು ಚೀಲದೊಳಗೆ ಹಾಕಬೇಕು. ಹಾಕದವರಿಗೆ ಅವಳು ಗ್ಲೌಸ್ ತೋರಿಸುವುದೂ ಇಲ್ಲ. ದಪ್ಪ ಬಟ್ಟೆಯ, ಬಾಯಿಗೆ ದಾರ ಕಟ್ಟಿದ ಚೀಲ. ಒಳಗೆ ನಟ್ಟು, ವಾಷರು, ಅಂಗಿಯ ಗುಂಡಿ, ಪೆಟ್ಟಿಗೆಯ ಸಣ್ಣ ಕೀಲಿ, ಮುರಿದ ಬೆಂಕಿಕಡ್ಡಿ ಇಂಥವು. ನೋಡದೆ, ಕೈಗೆ ಸಿಕ್ಕಿದ್ದನ್ನು ಹಿಡಿದು, ಅದೇನೆಂದು ಹೇಳಬೇಕು. ಬೈಕಿನವರು ನಗುತ್ತಾರೆ. "ಏನಕ್ಕಾ, ಲಾಟರಿ ಎತ್ತಿಸ್ತಿದೀರಾ?" ಎನ್ನುತ್ತಾರೆ. ಅವಳು "ಹೂಂ, ಹಾಕಪ್ಪ" ಎನ್ನುತ್ತಾಳೆ, ಅಷ್ಟೇ. ಒಮ್ಮೆ ಒಬ್ಬ ದೊಡ್ಡ ಮನುಷ್ಯ, ಹೊಸ ಬೈಕಿನವನು, "ನಾನು ಗ್ಲೌಸ್ ತಗೊಳ್ಳೋಕೆ ಬಂದಿರೋದು, ಜಾದೂ ನೋಡೋಕಲ್ಲ" ಎಂದು ಗುರುಗುಟ್ಟಿದ. ಪಕ್ಕದಲ್ಲೇ ಟಯರ್ ಬಿಚ್ಚುತ್ತಿದ್ದ ನನಗೆ ತಲೆ ಬಿಸಿಯಾಯಿತು. "ಹಾಗಾದ್ರೆ ಬೇರೆ ಕಡೆ ನೋಡ್ಕೊಳ್ಳಿ ಸ್ವಾಮಿ, ದಾರಿ ಅಗಲವಾಗೇ ಇದೆ" ಎಂದೆ. ಹೋದ. "ಬಂದ ಗಿರಾಕಿನ ಓಡಿಸ್ತೀರಲ್ಲ" ಎಂದು ಅವಳು ನನ್ನನ್ನೇ ಬೈದಳು. ಆದರೆ ಚೀಲವನ್ನೇನೂ ತೆಗೆದಿಡಲಿಲ್ಲ.

ಚೀಲ ಮೊದಲಿಂದಲೂ ಇತ್ತು. ಆಗ ಅದರೊಳಗೆ ಹೋಗುತ್ತಿದ್ದದ್ದು ಗ್ಲೌಸ್ ತೊಟ್ಟ ಕೈ. ಬರಿಗೈ ಹಾಕಿಸುವುದು ಆಮೇಲೆ ಶುರುವಾದದ್ದು. ಯಾಕೆಂದು ಕೇಳಿದವರಿಗೆಲ್ಲ ಅವಳು "ಸುಮ್ನೆ" ಎನ್ನುತ್ತಾಳೆ. ಸುಮ್ಮನೆಯಂತೆ! ನಾನು ಹೇಳುತ್ತೇನೆ ಕೇಳಿ.

ಊರ ಹೊರಗೆ ಬೈಕ್ ರೇಸಿನ ಟ್ರ್ಯಾಕ್ ಇದೆ. ಅದರ ಗೇಟಿನ ಎದುರು ತಗಡಿನ ಚಾವಣಿಯ ಅಂಗಡಿ ಸಾಲು. ಕೊನೆಯ ಎರಡು ನಮ್ಮವು. ಒಂದರಲ್ಲಿ ನನ್ನ ಟಯರು, ಇನ್ನೊಂದರಲ್ಲಿ ಅವಳ ಗ್ಲೌಸು. ನಡುವೆ ಹಲಗೆ ಗೋಡೆ, ಅದರಲ್ಲೊಂದು ಕಿಂಡಿ. ಮದುವೆಗೆ ಮುಂಚೆ ಆ ಕಿಂಡಿ ಇರಲಿಲ್ಲ. ಚಕ್ರದ ರಿಮ್ಮು ತಾಗಿ ನನ್ನ ಅಂಗೈ ಸೀಳಿದಾಗ, ಕೆಲಸಕ್ಕೊಂದು ಜೊತೆ ಗ್ಲೌಸ್ ಹೊಲಿಸೋಣವೆಂದು ಅವಳ ಅಂಗಡಿಗೆ ಹೋಗಿದ್ದೆ. ಅವಳು ಟೇಪು ಹಿಡಿದು ಬೆರಳು ಬೆರಳನ್ನೂ ಅಳೆದು, "ನಿಮ್ಮ ಕೈ ನೋಡೋಕಷ್ಟೇ ಒರಟು" ಎಂದಳು. ನಾನು ಹೋದ ಕೆಲಸವೇ ಮರೆತುಹೋಯಿತು. ಅಳತೆ ತಗೊಂಡು ಕೈ ಹಿಡಿದವಳು ಎಂದು ನಾನು ಈಗಲೂ ನಾಲ್ಕು ಜನರ ಮುಂದೆ ಹೇಳುತ್ತೇನೆ, ಅವಳು ಕಣ್ಣು ಬಿಡುತ್ತಾಳೆ.

ಅವಳ ಅಪ್ಪ ಚರ್ಮದ ಚೀಲ, ಬೆಲ್ಟು ಹೊಲಿಯುತ್ತಿದ್ದವರು. ಅವರು ಮಗಳಿಗೆ ಬಿಟ್ಟುಹೋದದ್ದು ಒಂದು ಹೊಲಿಗೆ ಮೆಷೀನು, ಒಂದಿಷ್ಟು ಕತ್ತರಿ, ಒಬ್ಬ ತಮ್ಮ, ಮತ್ತೊಂದು ಮಾತು: "ಕೈ ಸುಳ್ಳು ಹೇಳಲ್ಲ." ಅಂದರೆ, ಹಾಕಿಕೊಂಡವನು ಬಿಗಿ ಎಂದರೆ ಬಿಗಿ, ಚುಚ್ಚುತ್ತದೆ ಎಂದರೆ ಚುಚ್ಚುತ್ತದೆ. ವಾದ ಮಾಡಬೇಡ, ಬಿಚ್ಚಿ ಹೊಲಿ. ಅವಳಿಗೆ ಆ ಮಾತೇ ಕಾನೂನು. ಗಿರಾಕಿ ಎಂಥ ತಲೆಹರಟೆಯಾದರೂ ಅವನ ಕೈಗೆ ಅವಳು ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಟ್ರ್ಯಾಕಿಗೆ ಇಳಿಯುವವರೆಲ್ಲ ಅವಳನ್ನು ಗ್ಲೌಸಕ್ಕ ಎಂದೇ ಕರೆಯುವುದು. ಅಂಗಡಿಗೆ ಬಂದವರ ಕಣ್ಣು ಹೋಗುವುದು ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ಗ್ಲೌಸಿನ ಕಡೆಗೆ. ಅವಳು "ಅದಿರಲಿ, ಮೊದ್ಲು ಕೈ ಕೊಡಿ" ಎಂದು ಅಂಗೈ ತಿರುಗಿಸಿ ನೋಡುತ್ತಾಳೆ. ಎಲ್ಲಿ ಚರ್ಮ ಗಟ್ಟಿಯಾಗಿದೆ, ಎಲ್ಲಿ ಬೊಬ್ಬೆ ಎದ್ದಿದೆ ಎಂದು ಸವರುತ್ತಾಳೆ. "ಬ್ರೇಕಿಗೆ ಒಂದು ಬೆರಳು ಇಡ್ತೀರಾ, ಎರಡಾ?" ಎಂದು ಕೇಳುತ್ತಾಳೆ. ಆಮೇಲೆ ಪಾಠ ಶುರು. ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಅಂಗೈ ಬುಡ. ಅಲ್ಲಿ ಚರ್ಮ ನೆಲಕ್ಕೆ ಕಚ್ಚಿಕೊಂಡರೆ ಮಣಿಕಟ್ಟು ಹೋಯಿತು. ಅದಕ್ಕೆ ಅಲ್ಲಿ ನುಣ್ಣನೆಯ ಗಟ್ಟಿ ಬಿಲ್ಲೆ, ಜಾರಿಕೊಂಡು ಹೋಗಲಿ ಅಂತ. ಗೆಣ್ಣುಗಳ ಮೇಲೆ ಚಿಪ್ಪು. ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸುವ ಒಂದು ಸಣ್ಣ ಪಟ್ಟಿ. "ಇದ್ಯಾಕಕ್ಕಾ, ಎರಡು ಬೆರಳು ಅಂಟ್ಕೊಂಡ ಹಾಗಿದೆ" ಎಂದು ಎಲ್ಲರೂ ಕೇಳುತ್ತಾರೆ. "ಚಿಕ್ಕವನು ಒಬ್ಬನೇ ಬಿದ್ರೆ ಮುರ್ಕೋತಾನೆ. ದೊಡ್ಡವರ ಜೊತೆ ಕಟ್ಟಿದ್ರೆ ಉಳ್ಕೋತಾನೆ" ಎನ್ನುತ್ತಾಳೆ.

ಇಷ್ಟೆಲ್ಲ ಆದಮೇಲೆ ಕಷ್ಟದ ಪ್ರಶ್ನೆ. ಹೊರಗೆ ಎಷ್ಟು ಬೇಕಾದರೂ ದಪ್ಪ ಹಾಕಬಹುದು, ಬೆರಳಿನ ಒಳಗಡೆ ಏನು ಮಾಡುವುದು? ದಪ್ಪ ಹಾಕಿದರೆ ಕೈ ಉಳಿಯುತ್ತದೆ, ಬ್ರೇಕು ತಿಳಿಯುವುದಿಲ್ಲ. ತೆಳು ಹಾಕಿದರೆ ಬ್ರೇಕು ತಿಳಿಯುತ್ತದೆ, ಬಿದ್ದ ದಿನ ಚರ್ಮ ಸುಲಿಯುತ್ತದೆ. "ಬೀಳೋ ಕಡೆ ದಪ್ಪ, ಹಿಡಿಯೋ ಕಡೆ ತೆಳು" ಎಂದು ಲೆಕ್ಕ ಹಾಕಿ, ಅಂಗೈಗೆ ಕಾಂಗರೂ ಚರ್ಮ ತರಿಸುತ್ತಿದ್ದಳು. ತೆಳ್ಳಗಿದ್ದರೂ ಸುಲಭಕ್ಕೆ ಹರಿಯದು. ಹೊಲಿದದ್ದನ್ನು ತೊಡಿಸಿ ಕೈಯನ್ನು ಚೀಲಕ್ಕೆ ಹಾಕಿಸುತ್ತಿದ್ದಳು. ನಟ್ಟಿಗೂ ಗುಂಡಿಗೂ ವ್ಯತ್ಯಾಸ ತಿಳಿದರೆ ಅದು ಮಾತಾಡುವ ಗ್ಲೌಸು. ತಿಳಿಯದಿದ್ದರೆ ಮೂಕ. ಮೂಕ ಗ್ಲೌಸು ಎಷ್ಟು ಚೆಂದವಿದ್ದರೂ ಬಿಚ್ಚಿ ಹಾಕುತ್ತಿದ್ದಳು.

ಈ ಮಾತಾಡುವುದು, ಮೂಕವಾಗುವುದು ಎಂಬ ಮಾತು ಹುಟ್ಟಿದ್ದು ಅವಳ ತಮ್ಮನಿಂದ. ಅವನಿಗೆ ಎಲ್ಲರೂ ಚಿಟ್ಟೆ ಎನ್ನುತ್ತಿದ್ದರು. ಕೂತ ಕಡೆ ಕೂರುವ ಜಾತಿಯಲ್ಲ. ಅವರಮ್ಮ ತೀರಿಕೊಂಡಾಗ ಅವನಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಬೆರಳು ಹಿಡಿದು ನಡೆಸಿದವಳು ಇವಳೇ. ಮೀಸೆ ಬಂದಮೇಲೂ ರಸ್ತೆ ದಾಟುವಾಗ ಅವನು ಗೊತ್ತಿಲ್ಲದೆ ಅಕ್ಕನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಮದುವೆಯಾದಾಗ ನನಗೆ ಬಳುವಳಿಯಾಗಿ ಬಂದದ್ದು ಈ ಬಾಮೈದ ಒಬ್ಬನೇ. ನನ್ನ ಊಟದ ತಟ್ಟೆಯಿಂದಲೇ ಎತ್ತಿಕೊಂಡು ತಿನ್ನುತ್ತಾ, "ಭಾವ, ನಿಮ್ಮ ಟಯರೂ ನಿಮ್ಮ ಥರಾನೇ. ಕಾದ ಮೇಲೇನೇ ಹಿಡಿತಕ್ಕೆ ಬರೋದು" ಎನ್ನುತ್ತಿದ್ದ. ನಾನು ಸ್ಪ್ಯಾನರ್ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದೆ.

ರೇಸಿನಲ್ಲಿ ಅವನೇನೂ ದೊಡ್ಡ ಹೆಸರು ಮಾಡಿದವನಲ್ಲ. ಬೇರೆಯವರ ಬೈಕು, ಉಳಿದ ಟಯರು, ಅಕ್ಕನ ಗ್ಲೌಸು. ಆದರೆ ತಿರುವಿಗೆ ಬರುವಾಗ ಎಲ್ಲರಿಗಿಂತ ತಡವಾಗಿ ಬ್ರೇಕ್ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಉಳಿದವರು ಹೆದರಿ ಹಿಡಿದ ಮೇಲೂ ಇವನು ಒಂದು ಉಸಿರು ತಡೆಯುತ್ತಿದ್ದ. "ಅದು ಹೇಗೋ ನಿಂಗೆ ಗೊತ್ತಾಗತ್ತೆ?" ಎಂದು ಒಮ್ಮೆ ಕೇಳಿದೆ. ಎರಡು ಬೆರಳು ಆಡಿಸಿ ತೋರಿಸಿದ. "ಬ್ರೇಕ್ ಲಿವರ್ ಮಾತಾಡತ್ತೆ ಭಾವ. ಇನ್ನೂ ಇದೆ, ಇನ್ನೂ ಇದೆ, ಸಾಕು ಅನ್ನತ್ತೆ. ನಾನು ಕೇಳಿಸ್ಕೋತೀನಿ ಅಷ್ಟೇ" ಎಂದ. ಆ ದಿನದಿಂದ ಅವಳ ಅಂಗಡಿಯಲ್ಲಿ ಗ್ಲೌಸು ಮಾತಾಡತೊಡಗಿತು.

ಒಂದು ವರ್ಷದ ಕೊನೆಯಲ್ಲಿ ಅವನು ಬಿದ್ದ. ಕೆಟ್ಟದಾಗಿಯೇ ಬಿದ್ದ, ತಲೆ ನೆಲಕ್ಕೆ ಬಡಿದು ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿತು. ಎದ್ದು ಕೂತು, ಎರಡೂ ಅಂಗೈ ಎತ್ತಿ ನಮಗೆ ತೋರಿಸಿ ನಕ್ಕ. ಗ್ಲೌಸಿನ ಬಿಲ್ಲೆ ಅರ್ಧ ಸವೆದಿತ್ತು, ಕೈಗೆ ಒಂದು ಗೀರೂ ಇರಲಿಲ್ಲ. ನನ್ನ ಹೆಂಡತಿ ಆ ಸವೆದ ಗ್ಲೌಸನ್ನು ಬಂದಬಂದವರಿಗೆಲ್ಲ ತೋರಿಸಿದಳು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಸ್ವಲ್ಪ ದಿನ ಓಡಾಡಿದ, ಆಮೇಲೆ ಅದನ್ನೂ ಬಿಚ್ಚಿದ. ಗಂಡಾಂತರ ಕಳೆಯಿತು ಎಂದುಕೊಂಡೆವು.

ಹೊಸ ವರ್ಷದ ರೇಸುಗಳು ಶುರುವಾದಾಗ ಒಂದು ದಿನ ಬಂದು, "ಅಕ್ಕ, ಈ ಗ್ಲೌಸ್ ಯಾಕೋ ಮೂಕ ಆಗಿದೆ" ಎಂದ. ತೊಡಿಸಿ ಚೀಲಕ್ಕೆ ಹಾಕಿಸಿದಳು. ಕೀಲಿ ಹಿಡಿದು ಬೆಂಕಿಕಡ್ಡಿ ಎಂದ. ಅವಳ ಮುಖ ಸಪ್ಪಗಾಯಿತು. ಅದೇ ಗ್ಲೌಸನ್ನು ತಾನು ತೊಟ್ಟು ಕೈ ಹಾಕಿದಳು, ಅವಳಿಗೆ ಎಲ್ಲ ತಿಳಿಯಿತು. "ನನ್ನ ಬೆರಳು ಸಣ್ಣ, ಅದಕ್ಕೆ ತಿಳಿಯತ್ತೆ" ಎಂದು ತಾನೇ ಸಮಾಧಾನ ಹೇಳಿಕೊಂಡು, ಬೆರಳಿನ ಒಳಗಿನ ಲೈನಿಂಗ್ ಬಿಚ್ಚಿ ತೆಗೆದಳು. ಮತ್ತೊಂದು ರೇಸಾಯಿತು. "ಇನ್ನೂ ಮೂಕ ಅಕ್ಕ." ಇನ್ನೂ ತೆಳು ಚರ್ಮ ತರಿಸಿದಳು. "ಇನ್ನೂ ಸ್ವಲ್ಪ." ಅಂಗೈಯ ಎರಡು ಪದರವನ್ನು ಒಂದು ಮಾಡಿದಳು. ಅಡುಗೆ ಮಾಡುವಾಗಲೂ ಸೊಂಟದಲ್ಲಿ ಒಂದು ಚೂರು ಚರ್ಮ, ಒಲೆ ಮುಂದೆ ನಿಂತು ಅದನ್ನು ಎರಡು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದಳು. ಅನ್ನ ಸೀದು ಹೋದರೂ ಗೊತ್ತಾಗುತ್ತಿರಲಿಲ್ಲ.

ಅವನ ಓಟವೂ ಕೆಟ್ಟಿತು. ತಡವಾಗಿ ಬ್ರೇಕ್ ಹಿಡಿಯುವುದರಲ್ಲಿ ಹೆಸರಾದವನು ಒಮ್ಮೆ ಹೆದರಿದವನ ಹಾಗೆ ಬೇಗ ಹಿಡಿಯುತ್ತಿದ್ದ, ಇನ್ನೊಮ್ಮೆ ತಿರುವು ತಪ್ಪಿ ಮಣ್ಣಿಗೆ ನುಗ್ಗುತ್ತಿದ್ದ. ಕೊನೆಗೆ ಅಂಗೈ ಬುಡದ ಬಿಲ್ಲೆಯೂ ಬೇಡ, ಅದು ಅಡ್ಡ ಬರುತ್ತದೆ ಎಂದ. ಆಗ ನನಗೆ ತಡೆಯಲಾಗಲಿಲ್ಲ. ಕಿಂಡಿಯಿಂದಲೇ ಕೂಗಿದೆ.

"ಅಲ್ವೇ, ಹೋದ ಸಲ ಅವನ ಕೈ ಉಳಿಸಿದ್ದೇ ಆ ಬಿಲ್ಲೆ. ಅದನ್ನೂ ಕಿತ್ತು ಕೊಡ್ತೀಯಾ? ಅಲ್ಲಿಗೆ ಬರಿಗೈಲೇ ಕಳ್ಸು, ಮುಗೀತು!"

"ಕೈ ಸುಳ್ಳು ಹೇಳಲ್ಲ ಕಣ್ರೀ" ಎಂದಳು. "ತಪ್ಪು ನನ್ನ ಕೆಲಸದಲ್ಲೇ ಎಲ್ಲೋ ಇದೆ."

"ನಿನ್ನ ಕೆಲಸದಲ್ಲಲ್ಲ, ನಿನ್ನ ತಲೇಲಿ ಇದೆ!"

ಅವಳು ಕಿಂಡಿಗೆ ಅಡ್ಡವಾಗಿ ಒಂದು ಬಟ್ಟೆ ನೇತುಹಾಕಿದಳು. ಚಿಟ್ಟೆ ತಲೆ ತಗ್ಗಿಸಿಕೊಂಡು ಕೂತಿದ್ದ. ನನ್ನನ್ನು ಕೆಣಕುವ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.

ವರ್ಷದ ಕೊನೆಯ ರೇಸಿಗೆ ಅವಳು ಹೊಸ ಜೊತೆಯನ್ನೇ ಹೊಲಿಯಲು ಕೂತಳು. ಅವತ್ತು ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಕೂತಿದ್ದ. ಅರ್ಧ ಹೊಲಿದ ಗ್ಲೌಸು ಅವನ ಬಲಗೈಯಲ್ಲಿ, ಆ ಕೈ ಅವಳ ತೊಡೆಯ ಮೇಲೆ. ಅವಳು ಬೆರಳ ತುದಿಯ ಹೊಲಿಗೆ ಎಲ್ಲಿ ಬರಬೇಕೆಂದು ಗುಂಡುಸೂಜಿ ಚುಚ್ಚಿ ಗುರುತು ಮಾಡುತ್ತಿದ್ದಳು. ನಾನು ಅವಳ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಅವನು ಯಾರೋ ಮೆಕ್ಯಾನಿಕ್ಕು ತನ್ನ ಸ್ವಂತ ಬೈಕನ್ನೇ ಗುರುತು ಹಿಡಿಯದೆ ಬೇರೆಯವರದ್ದನ್ನು ತಳ್ಳಿಕೊಂಡು ಹೋದ ಕತೆ ಹೇಳುತ್ತಿದ್ದ. ನಾನು ನಗುತ್ತಿದ್ದೆ. ಅವಳ ಕೈ ಇದ್ದಕ್ಕಿದ್ದಂತೆ ನಿಂತಿತು.

ತೆಳು ಚರ್ಮದ ಮೇಲೆ, ತೋರುಬೆರಳ ತುದಿಯಲ್ಲಿ, ಕೆಂಪಗೆ ಒಂದು ಚುಕ್ಕೆ ಮೂಡಿ ದೊಡ್ಡದಾಗುತ್ತಿತ್ತು. ಸೂಜಿ ಚರ್ಮ ದಾಟಿ ಬೆರಳೊಳಗೇ ಹೋಗಿತ್ತು. ಅವನು ಕತೆ ಹೇಳುತ್ತಲೇ ಇದ್ದ.

ಅವಳು ಸೂಜಿ ತೆಗೆದಳು, ಗ್ಲೌಸ್ ಕಳಚಿದಳು, ಬೆರಳನ್ನು ತನ್ನ ಸೆರಗಿನಿಂದ ಒತ್ತಿಕೊಂಡಳು. ಅದೂ ಅವನಿಗೆ ತಿಳಿಯಲಿಲ್ಲ, ಅವನ ಕಣ್ಣು ನನ್ನ ಮೇಲಿತ್ತು. ಇನ್ನೊಂದು ಕೈಯಲ್ಲಿ ಅವಳು ಆ ಚೀಲ ತೆಗೆದು, ಒಳಗಿದ್ದದ್ದನ್ನೆಲ್ಲ ಮೆಷೀನಿನ ಡ್ರಾಯರಿಗೆ ಸದ್ದಾಗದ ಹಾಗೆ ಸುರಿದಳು. ನಾನು ನೋಡಿದೆ. ಯಾಕೆಂದು ಆಗ ಹೊಳೆಯಲಿಲ್ಲ.

"ಚಿಟ್ಟೆ, ಕೈ ಹಾಕೋ" ಎಂದು ಚೀಲ ಹಿಡಿದಳು.

"ಗ್ಲೌಸ್ ಇಲ್ದೇನಾ?"

"ಇಲ್ದೇನೇ. ಸುಮ್ನೆ ಹಾಕು."

ನೋಡದೆ ಹೇಳಬೇಕಲ್ಲ, ಅದಕ್ಕೆ ಮುಖ ಆ ಕಡೆ ತಿರುಗಿಸಿ ಕೈ ಹಾಕಿದ. ಹುಡುಕಿದ. ಹಣೆಯಲ್ಲಿ ಬೆವರು ಕಂಡಿತು. ಬಟ್ಟೆಯ ಯಾವುದೋ ಮಡಿಕೆಯನ್ನು ಹಿಡಿದು, "ವಾಷರ್" ಎಂದ.

"ಸರಿಯಾಗಿ ನೋಡೋ."

"ಹಾಂ, ಅಲ್ಲ ಅಲ್ಲ. ಗುಂಡಿ. ಅಂಗಿ ಗುಂಡಿ ಅಕ್ಕ."

ಅವಳು ಅವನ ಕೈಯನ್ನು ಹೊರಗೆ ತೆಗೆದು ಚೀಲವನ್ನು ಅವನ ಮುಂದೆಯೇ ತಲೆಕೆಳಗು ಮಾಡಿ ಕೊಡವಿದಳು. ಏನೂ ಬೀಳಲಿಲ್ಲ. ಅವನು ನೆಲ ನೋಡಿದ, ನನ್ನನ್ನು ನೋಡಿದ, ಅಕ್ಕನ ಸೆರಗಿನ ಮೇಲಿನ ರಕ್ತ ನೋಡಿದ, ಆಮೇಲೆ ತನ್ನ ಬೆರಳು ನೋಡಿಕೊಂಡ.

ಆಗ ಬಾಯಿ ಬಿಟ್ಟ. ಬಿದ್ದಾಗ ಕುತ್ತಿಗೆಯ ಒಂದು ನರ ಜಜ್ಜಿಹೋಗಿತ್ತಂತೆ. ಮೊದಲು ಬೆರಳ ತುದಿಗೆ ಜೋಮು ಹಿಡಿಯಿತು, ಹೋಗುತ್ತದೆ ಎಂದುಕೊಂಡ, ಹೋಗಲಿಲ್ಲ. ಡಾಕ್ಟರು ಬೈಕ್ ಹತ್ತಲೇಬೇಡ, ಇನ್ನೊಮ್ಮೆ ಬಿದ್ದರೆ ಇಡೀ ತೋಳೇ ಹೋಗಬಹುದು ಎಂದಿದ್ದರಂತೆ. ಅದನ್ನು ನುಂಗಿಕೊಂಡು ಓಡಾಡುತ್ತಿದ್ದ.

"ನಂಗ್ಯಾಕೋ ಹೇಳಲಿಲ್ಲ?" ಎಂದಳು ನನ್ನ ಹೆಂಡತಿ.

"ಹೇಳಿದ್ರೆ ಹೊಲಿದು ಕೊಡ್ತಿದ್ಯಾ?" ಎಂದ. ತನ್ನ ಬೆರಳನ್ನೇ ನೋಡುತ್ತಾ, "ಗ್ಲೌಸಿಂದಾನೇ ಇರಬಹುದು ಅಂತ ನಾನೂ ನಂಬ್ಕೊಂಡಿದ್ದೆ ಅಕ್ಕ. ನೀನು ಪ್ರತಿ ಸಲ ತೆಳು ಮಾಡಿ ಕೊಟ್ಟಾಗ್ಲೂ, ಈ ಸಲ ತಿಳಿಯತ್ತೆ, ಈ ಸಲ ತಿಳಿಯತ್ತೆ ಅಂತ..." ಎಂದ.

ಅವನು ಅಕ್ಕನ ಕಾಲ ಹತ್ತಿರ ಕೂತು, "ಇದೊಂದು ರೇಸ್ ಅಕ್ಕ. ಆಮೇಲೆ ಬಿಟ್ಟುಬಿಡ್ತೀನಿ, ನಿನ್ನಾಣೆ" ಎಂದ. ಅವನು ಹೋದಮೇಲೆ ಆ ರಕ್ತದ ಚುಕ್ಕೆಯ ಗ್ಲೌಸನ್ನು ಬಿಚ್ಚಿ, ಮತ್ತೆ ಹೊಲಿಯಲು ಕೂತಳು. ದಪ್ಪ ಚರ್ಮ, ಎರಡು ಪದರ, ಲೈನಿಂಗ್, ಗೆಣ್ಣಿಗೆ ಚಿಪ್ಪು, ಅಂಗೈಗೆ ಬಿಲ್ಲೆ, ಕಿರುಬೆರಳಿಗೆ ಪಟ್ಟಿ. ಎಲ್ಲ ಹಾಕಿದಳು. ಬೆರಳ ತುದಿಗೆ ಮಾತ್ರ ಆ ಕಲೆಯ ತುಂಡನ್ನೇ ಮತ್ತೆ ಬಳಸಿದಳು, ಬೇರೆ ಹಾಕು ಎಂದರೆ ಕೇಳಲಿಲ್ಲ.

"ನಿಂಗೇನು ತಲೆ ಕೆಟ್ಟಿದ್ಯಾ? ಅವನನ್ನ ಕಳಿಸ್ತೀಯಾ?" ಎಂದೆ.

"ಬೇಡ ಅಂದ್ರೆ ಬೇರೆ ಯಾರ ಹತ್ರನೋ ತಗೊಂಡು ಹೋಗೇ ಹೋಗ್ತಾನೆ. ಹೋಗೋದಾದ್ರೆ ಕೈ ಆದ್ರೂ ಉಳೀಲಿ" ಎಂದಳು. ಅವತ್ತು ಅವಳು ಊಟ ಮಾಡಲಿಲ್ಲ, ನನಗೂ ಸೇರಲಿಲ್ಲ.

ರೇಸಿಗೆ ಮುಂಚೆ ಎಲ್ಲರ ಹೆಲ್ಮೆಟ್ಟು, ಸೂಟು, ಗ್ಲೌಸು ತಪಾಸಣೆಯಾಗಬೇಕು. ಟ್ರ್ಯಾಕಿನ ಒಳಗೆ ಒಂದು ಶೆಡ್ಡು, ಉದ್ದನೆಯ ಮೇಜು, ಅದರ ಹಿಂದೆ ನಾವೆಲ್ಲ ಮೀಸೆ ತಾತ ಎನ್ನುವ ಹಳೆಯ ರೇಸಿನವರು. ಭಾರಿ ಕಟ್ಟುನಿಟ್ಟಿನ ಮನುಷ್ಯ. ಚಿಟ್ಟೆಯ ಮುಂದಿದ್ದವನ ಗ್ಲೌಸಿನ ಹೊಲಿಗೆಯನ್ನು ಎಳೆದೆಳೆದು ನೋಡಿ ವಾಪಸ್ ಕಳಿಸಿದರು. ಚಿಟ್ಟೆ ತನ್ನದನ್ನು ಇಟ್ಟ. ತಾತ ಅದನ್ನು ಎತ್ತಿಯೂ ನೋಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನನ್ನ ಜೊತೆ ನಿಂತಿದ್ದ ಅವಳ ಕಡೆ ನೋಡಿ ನಕ್ಕು, "ಗ್ಲೌಸಕ್ಕನ ಕೈಕೆಲಸ. ಇದರಲ್ಲಿ ನೋಡೋದೇನಿದೆ? ಹೋಗು, ಹೋಗು" ಎಂದರು.

ಅವಳ ಉಸಿರು ಬದಲಾದದ್ದು ನನಗೆ ಪಕ್ಕದಲ್ಲೇ ಕೇಳಿಸಿತು. ಅವನು ಟ್ರ್ಯಾಕಿಗೆ ಇಳಿಯುವುದು ಈಗ ಅವಳ ಹೆಸರಿನ ಮೇಲೆ. ಸರಸರನೆ ನಡೆದು ಮೇಜಿನ ಮುಂದೆ ನಿಂತಳು.

"ಗ್ಲೌಸಿಗೇನೂ ಆಗಿಲ್ಲ ತಾತ" ಎಂದಳು. "ಮೂಕ ಆಗಿರೋದು ಕೈ."

"ಅಕ್ಕ, ಸುಮ್ನಿರು" ಎಂದ ಚಿಟ್ಟೆ.

"ಅವನ ಕೈಗೆ ಬ್ರೇಕ್ ತಿಳಿಯಲ್ಲ. ಅವನ ಹಿಂದೆ ಮುಂದೆ ಬರೋರೂ ಯಾರದ್ದೋ ತಮ್ಮಂದಿರೇ ಅಲ್ವಾ."

"ಅಕ್ಕ!"

ಮೀಸೆ ತಾತ ಚಿಟ್ಟೆಯನ್ನು ಹತ್ತಿರ ಕರೆದು ಕಣ್ಣು ಮುಚ್ಚಿಸಿ, ಅವನ ಬಲಗೈಯ ಒಂದು ಬೆರಳು ಹಿಡಿದು, "ಇದು ಯಾವ ಬೆರಳಪ್ಪ?" ಎಂದರು. ಹಿಡಿದದ್ದು ಕಿರುಬೆರಳು. ಅವನು "ತೋರುಬೆರಳು" ಎಂದ. ತಾತ ಕೈ ಬಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು, ರೇಸಿನ ಪಟ್ಟಿಯಲ್ಲಿ ಅವನ ಹೆಸರು ಹೊಡೆದುಹಾಕಿದರು. ಜೊತೆಯ ರೇಸಿನವರೆಲ್ಲ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಹೊರಗೆ ಬರುವಾಗ ಅವಳು ಅಭ್ಯಾಸಬಲದಿಂದ ಅವನ ಕೈ ಹಿಡಿಯಲು ಹೋದಳು. ಅವನು ನೋಡಿ ಕಿತ್ತುಕೊಂಡ. "ಇನ್ಮೇಲೆ ನನ್ನ ಕೈ ಮುಟ್ಟಬೇಡ ನೀನು" ಎಂದ. ಕೂಗಲಿಲ್ಲ, ಮೆಲ್ಲಗೇ ಹೇಳಿದ. ಕೂಗಿದ್ದರೆ ನಾನು ಎರಡು ಬಿಗಿದು ಸರಿ ಮಾಡುತ್ತಿದ್ದೆ.

ಅಲ್ಲಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟ. ಬಿಡಿಭಾಗದ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದು ಅಲ್ಲೇ ಕೆಲಸಕ್ಕೂ ಸೇರಿದ. ನಾನು ಹೋದರೆ ಮಾತಾಡುತ್ತಾನೆ, ಟಯರಿನ ವಿಷಯ, ಬಿಸಿಲಿನ ವಿಷಯ. ಅವಳು ಬಂದರೆ ಎದ್ದು ಹೋಗುತ್ತಾನೆ. ಒಮ್ಮೆ ಅವಳು ಊಟ ತೆಗೆದುಕೊಂಡು ಹೋಗಿ, ಅವನ ಅಂಗಿಯ ಕಾಲರು ಮಡಿಚಿಕೊಂಡದ್ದು ಕಂಡು ಸರಿ ಮಾಡಲು ಕೈ ಚಾಚಿದಳು. "ಮುಟ್ಟಬೇಡ ಅಂದಿದ್ದೆ" ಎಂದ. ಅವಳು ತಟ್ಟೆ ಇಟ್ಟು ವಾಪಸು ಬಂದು, ಇಡೀ ದಾರಿ ತಲೆಯೆತ್ತಲಿಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಲೋಟ ಹಿಡಿಯಲಾಗದೆ ಬೀಳಿಸಿ, ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ನೋಡುವವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಆಗುತ್ತದೆ? ಜೋಮು ಬೆರಳಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿನ ಮೇಲಕ್ಕೆ ಹತ್ತಿತ್ತು.

ಅಂಗಡಿಯಲ್ಲಿ ಅವಳು "ಕೈ ಸುಳ್ಳು ಹೇಳಲ್ಲ" ಎನ್ನುವುದನ್ನು ಬಿಟ್ಟಳು. ಚೀಲಕ್ಕೆ ಮೊದಲು ಬರಿಗೈ ಹಾಕಿಸತೊಡಗಿದಳು. ಆ ದಪ್ಪ ಗ್ಲೌಸು ಈಗ ಡ್ರಾಯರಿನಲ್ಲಿದೆ. ಅದನ್ನು ಯಾರಿಗೂ ತೋರಿಸುವುದಿಲ್ಲ.

ಬೈದು, ಬೇಡಿಕೊಂಡು, ಕೊನೆಗೂ ಅವನನ್ನು ಆಸ್ಪತ್ರೆಗೆ ಬರಲು ಒಪ್ಪಿಸಿದೆ. ನರದ ಚಿಕಿತ್ಸೆ, ವಾರಕ್ಕೊಮ್ಮೆ ಹೋಗಬೇಕು. ಸ್ಪರ್ಶ ತಿರುಗಿ ಬರಲೂಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. "ಭಾವ, ನೀವು ಬನ್ನಿ. ಅವಳು ಬೇಡ" ಎಂದಿದ್ದ. ಆದರೆ ಮೊದಲ ದಿನ ನಾವು ಹೋಗುವಷ್ಟರಲ್ಲಿ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಜಾಗ ಇದ್ದದ್ದು ಅವಳ ಪಕ್ಕದಲ್ಲಿ ಮಾತ್ರ. ಅವನು ಮುಖ ಗಂಟು ಹಾಕಿಕೊಂಡು ಕೂತ, ಅವಳು ಅವನ ಬಲಕ್ಕೆ, ನಾನು ಎಡಕ್ಕೆ. ಅವನು ಪೂರ್ತಿ ನನ್ನ ಕಡೆ ತಿರುಗಿ ಅವಳಿಗೆ ಬೆನ್ನು ಹಾಕಿದ. ಬಲಗೈ ಹಿಂದೆ ಬೆಂಚಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಬೇರೆ ಯಾರದ್ದೋ ಸಾಮಾನಿನ ಹಾಗೆ.

ಅವನ ಭುಜದ ಮೇಲಿಂದ ನನಗೆ ಕಾಣುತ್ತಿತ್ತು. 

ಅವಳು ಮೊದಲು ಒಂದೇ ಬೆರಳು ಇಟ್ಟಳು. ಕಾದಳು. ಅವನು ಕಿತ್ತುಕೊಳ್ಳಲಿಲ್ಲ, ಅವನಿಗೆ ತಿಳಿಯಲೇ ಇಲ್ಲ. ಆಮೇಲೆ ಅವಳು ಮೆಲ್ಲಗೆ ಇಡೀ ಕೈ ಹಿಡಿದುಕೊಂಡಳು. ಅಳತೆ ತೆಗೆಯುವಾಗ ಸವರುವ ಹಾಗೆ ಅಂಗೈ ಬುಡ ಸವರಿದಳು, ಸೂಜಿ ಚುಚ್ಚಿದ ಬೆರಳ ತುದಿ ಸವರಿದಳು, ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಅವನು ಆ ಕಡೆ ತಿರುಗಿದರೆ ಮುಗಿಯಿತು. ನಾನು ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಟಯರಿನ ಗಾಳಿ, ಪಂಕ್ಚರು, ಓಡಿಸಿಬಿಟ್ಟ ಗಿರಾಕಿ, ನನ್ನ ಸಿಟ್ಟು. "ನಿಮ್ಮ ಟಯರೂ ನಿಮ್ಮ ಥರಾನೇ ಭಾವ" ಎಂದ ಅವನು, ಎಷ್ಟೋ ತಿಂಗಳಾದ ಮೇಲೆ. ನಾನು ಮಾತು ನಿಲ್ಲಿಸಲಿಲ್ಲ.

ನರ್ಸು ಬಂದು ಕರೆದಾಗ ಅವಳು ಆ ಕೈಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟುಬಿಟ್ಟಳು. ಅವನು ಎಡಗೈಯಿಂದ ಬಲಗೈ ಎತ್ತಿಕೊಂಡು ಒಳಗೆ ಹೋದ.

"ಬಿಸಿಯಾಗಿತ್ತು ಕಣ್ರೀ" ಎಂದಳು. "ತಣ್ಣಗಿರತ್ತೇನೋ ಅಂದ್ಕೊಂಡಿದ್ದೆ."

ಈಗ ವಾರವಾರವೂ ಹೀಗೆಯೇ. ಅವಳು ಮೊದಲೇ ಹೋಗಿ ಬಲಕ್ಕೆ ಜಾಗ ಹಿಡಿಯುತ್ತಾಳೆ, ಅವನು ಬೆನ್ನು ಹಾಕಿ ಕೂರುತ್ತಾನೆ, ನಾನು ಎಡಕ್ಕೆ ಕೂತು ಬಾಯಿ ಒಣಗುವವರೆಗೆ ಮಾತಾಡುತ್ತೇನೆ. ಹೋದ ವಾರ ವಾಪಸು ಬರುವಾಗ ಕೇಳಿದೆ, "ಅಲ್ಲ ಕಣೇ, ಚಿಕಿತ್ಸೆ ಹಿಡಿದು ಒಂದಿನ ಅವನಿಗೆ ತಿಳಿದುಬಿಟ್ರೆ? ಕೈ ಕಿತ್ಕೊಂಡು ಅಷ್ಟು ಜನರ ಎದುರು ರಂಪ ಮಾಡಿದ್ರೆ?"

"ಕಿತ್ಕೊಳ್ಳಲಿ ರೀ" ಎಂದಳು. "ಒಂದೇ ಒಂದು ಸಲ ಕಿತ್ಕೊಂಡ್ರೆ ಸಾಕು ನಂಗೆ."

ಇನ್ನೂ ಕಿತ್ತುಕೊಂಡಿಲ್ಲ.